ಪಟ್ಟೆಗಳನ್ನು ಕಟ್ಟಿಹಾಕಿದ ವಾಲಿಕೆ

ಲ್ಯಾಂಥನಮ್ ತಾಮ್ರದ ಆಕ್ಸೈಡ್ ಪದರ ಪದರವಾಗಿ ಕಟ್ಟಿಕೊಂಡ ಸ್ಫಟಿಕ. ಅದರಲ್ಲಿ ಪ್ರತಿ ತಾಮ್ರ ಪರಮಾಣುವಿನ ಸುತ್ತ ಆರು ಆಮ್ಲಜನಕ ಪರಮಾಣುಗಳು ನಿಂತು ಅಷ್ಟಮುಖಿಯ ಆಕಾರ ತಾಳುತ್ತವೆ. ಈ ಬಗೆಯ ಪದರ ಆಕ್ಸೈಡ್‌ಗಳ ರಚನೆ ಮತ್ತು ಕಾಂತಗುಣಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಗಂಗೂಲಿ ಮತ್ತು ಸಿ.ಎನ್.ಆರ್. ರಾವ್ 1984ರಲ್ಲೇ ವಿವರಿಸಿದ್ದರು. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಜ್ ಮತ್ತು ಮ್ಯೂಲರ್, ಬೇರಿಯಂ ಬೆರೆಸಿದ ಇದೇ ಆಕ್ಸೈಡ್‌ನಲ್ಲಿ 30 ಕೆಲ್ವಿನ್‌ಗೂ ಮೇಲೆ ಅತಿವಾಹಕತೆಯನ್ನು ಕಂಡರು.

ಎರಡೇ ವರ್ಷದಲ್ಲಿ ಒಗಟೊಂದು ಎದುರಾಯಿತು. ಪ್ರತಿ ತಾಮ್ರ ಪರಮಾಣುವಿಗೆ ಬೇರಿಯಂ ಪ್ರಮಾಣ 1/8ರ ಹತ್ತಿರ ಬಂದಾಗ ಮಾತ್ರ ಅತಿವಾಹಕತೆ ಕುಸಿಯುತ್ತಿತ್ತು. ಅದಕ್ಕಿಂತ ಸ್ವಲ್ಪ ಕಡಿಮೆಯಾದರೂ ಹೆಚ್ಚಾದರೂ ಮತ್ತೆ ಚೇತರಿಸಿಕೊಳ್ಳುತ್ತಿತ್ತು. 1989ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಆಕ್ಸ್ ಮತ್ತು ಸಂಗಡಿಗರು, ಸುಮಾರು 60 ಕೆಲ್ವಿನ್‌ನಲ್ಲಿ ಅಷ್ಟಮುಖಿಗಳು ವಾಲುವ ದಿಕ್ಕೇ ಬದಲಾಗುವುದನ್ನು ಗುರುತಿಸಿದರು. ಅಲ್ಲಿಯವರೆಗೆ ಕರ್ಣದ ದಿಕ್ಕಿನಲ್ಲಿದ್ದ ವಾಲಿಕೆಯ ಅಕ್ಷ ತಾಮ್ರ–ಆಮ್ಲಜನಕ ಬಂಧದ ಗುಂಟ ತಿರುಗುತ್ತದೆ. ಆಗ ಪದರದ ಒಂದು ದಿಕ್ಕಿನ ಬಂಧಗಳು ಬಾಗುತ್ತವೆ, ಅಡ್ಡ ದಿಕ್ಕಿನವು ನೆಟ್ಟಗೇ ಉಳಿಯುತ್ತವೆ. ಮುಂದಿನ ಪದರದಲ್ಲಿ ಇದು ತಿರುಗುಮುರುಗು.

ಅದೇ ವರ್ಷ ಜಾನೆನ್ ಮತ್ತು ಗುನಾರ್‌ಸನ್ ಲೆಕ್ಕದಿಂದ ಇನ್ನೊಂದು ಸುಳಿವು ಕೊಟ್ಟರು. ಶುದ್ಧ ಆಕ್ಸೈಡ್‌ನಲ್ಲಿ ಅಕ್ಕಪಕ್ಕದ ತಾಮ್ರಗಳ ಸ್ಪಿನ್‌ಗಳು ಒಂದಕ್ಕೊಂದು ವಿರುದ್ಧ. ಬೇರಿಯಂ ಬೆರೆಸಿ ಎಲೆಕ್ಟ್ರಾನು ತೆಗೆದ ಜಾಗಗಳು, ಅಂದರೆ ರಂಧ್ರಗಳು, ಚೆದುರಿ ನಿಲ್ಲದೆ ಸಾಲುಗಟ್ಟಿದರೆ, ಆ ಸಾಲು ಎರಡು ಕಾಂತವಲಯಗಳ ನಡುವಿನ ಗೋಡೆಯಾಗುತ್ತದೆ; ಗೋಡೆಯ ಆಚೆ ಸ್ಪಿನ್ ಕ್ರಮ ತಲೆಕೆಳಗು.

1995ರಲ್ಲಿ ಟ್ರಾಂಕ್ವಾಡಾ ತಂಡ ಈ ಎರಡು ಎಳೆಗಳನ್ನು ಬೆಸೆಯಿತು. ಬೇರಿಯಂ ಬದಲು ಸ್ಟ್ರಾಂಶಿಯಂ, ಜೊತೆಗೆ ನಿಯೋಡೈಮಿಯಂ ಬೆರೆಸಿ ಹೊಸ ವಾಲಿಕೆಯನ್ನು ತರಿಸಿ, ಆ ಹರಳಿನ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದಾಗ ಅಂಥ ಸಾಲುಗಳು, ಅಂದರೆ ಪಟ್ಟೆಗಳು, ನಿಶ್ಚಲವಾಗಿ ನಿಂತದ್ದು ಕಂಡಿತು. ಸುಮಾರು ನಾಲ್ಕು ತಾಮ್ರಗಳಿಗೊಂದು ರಂಧ್ರಗಳ ಸಾಲು. ಗೋಡೆ ದಾಟಿದಾಗಲೆಲ್ಲ ಸ್ಪಿನ್ ಮಗುಚುವುದರಿಂದ ಸ್ಪಿನ್ ವಿನ್ಯಾಸ ಎಂಟು ತಾಮ್ರಗಳಿಗೊಮ್ಮೆ ಮರುಕಳಿಸುತ್ತದೆ. 1/8ರ ಗುಟ್ಟೂ ಇಲ್ಲೇ ಇತ್ತು: ಆ ಪ್ರಮಾಣದಲ್ಲಿ ಪಟ್ಟೆಗಳ ಅಂತರ ಹರಳಿನ ಅಳತೆಗೆ ಸರಿಹೊಂದುತ್ತದೆ. ಬಾಗಿದ ಬಂಧಗಳ ಸಾಲು ನೇಗಿಲಗೆರೆ ನೀರನ್ನು ಹಿಡಿಯುವಂತೆ ಪಟ್ಟೆಗಳನ್ನು ಹಿಡಿದಿಡುತ್ತದೆ. ಹಾಗೆ ನಿಂತ ಪಟ್ಟೆಗಳು ಒಂದು ಪದರದಿಂದ ಇನ್ನೊಂದಕ್ಕೆ ಅಡ್ಡಡ್ಡವಾಗಿರುತ್ತವೆ, ಹೀಗಾಗಿ ಅತಿವಾಹಕತೆ ಕುಗ್ಗುತ್ತದೆ.

ಹಾಗಾದರೆ ಪಟ್ಟೆಗಳನ್ನು ಹುಟ್ಟಿಸುವುದೂ ವಾಲಿಕೆಯೇ? 2010ರಲ್ಲಿ ಹ್ಯೂಕರ್ ತಂಡ ಬೇರಿಯಂ ಹರಳನ್ನು ಭಾರೀ ಒತ್ತಡಕ್ಕೆ ಒಡ್ಡಿತು. ಸರಾಸರಿ ರಚನೆಯಲ್ಲಿ ವಾಲಿಕೆ ಅಳಿಸಿಹೋದರೂ ಪಟ್ಟೆಗಳು ಉಳಿದವು. ಪಟ್ಟೆಗಟ್ಟುವುದು ಎಲೆಕ್ಟ್ರಾನುಗಳ ಸ್ವಭಾವ. ಪಟ್ಟೆಗಳು ಯಾವ ದಿಕ್ಕಿಗೆ, ಎಷ್ಟು ಗಟ್ಟಿಯಾಗಿ ನಿಲ್ಲುತ್ತವೆ ಎಂಬುದನ್ನು ಹರಳಿನ ವಾಲಿಕೆ ತೀರ್ಮಾನಿಸುತ್ತದೆ.