ಎರಡು ಅಳತೆಗಳ ಸೀಮೆಯಲ್ಲಿ ಟ್ಯಾಪಿನ ಆಯ್ಕೆ

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಈ ಸೀಮೆಯ ಹತ್ತಿಗೆ ದೂರದ ಮಾರುಕಟ್ಟೆಯ ದಾರಿ ತೆರೆಯಿತು. ಇಂಗ್ಲೆಂಡಿನ ಎಂಜಿನ್ನು, ಜಿನ್ನು, ಪ್ರೆಸ್ಸುಗಳು ಇತ್ತ ಬರುವ ದಾರಿಯೂ ಸಲೀಸಾಯಿತು. ಅವುಗಳ ಬೋಲ್ಟು ನಟ್ಟುಗಳಲ್ಲಿ ಒಂದು ಅಳತೆ ಅಡಗಿತ್ತು. ಜೋಸೆಫ್ ವಿಟ್ವರ್ತ್ 1841ರಲ್ಲಿ ಮುಂದಿಟ್ಟ ಆ ಅಳತೆಯಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ. ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು. ಅದಕ್ಕೂ ಮುಂಚೆ ಒಂದೊಂದು ಕಾರ್ಖಾನೆಯದು ಒಂದೊಂದು ಥ್ರೆಡ್ಡು. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಈ ಚರಿತ್ರೆ ನೆನೆಯಲು ಕಾರಣವಿದೆ. ಕಲ್ಲೂರು, ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ರಿಪೇರಿ ಮಾಡುವವರಿಗೆ ತೂತಿನೊಳಗೆ ಥ್ರೆಡ್ಡು ಕಡಿಯುವ ಒಳ್ಳೆಯ ಟ್ಯಾಪು, ಆ ತೂತು ಕೊರೆಯುವ ಒಳ್ಳೆಯ ಡ್ರಿಲ್ ಬಿಟ್ಟು ಯಾವುದೆಂಬ ಪ್ರಶ್ನೆ ಅಂಗಡಿಯ ಬೆಲೆಪಟ್ಟಿಯಿಂದ ಬಗೆಹರಿಯುವುದಿಲ್ಲ. ಎದುರಿಗಿರುವ ಯಂತ್ರ ಯಾವ ಕಾಲದ್ದು, ಟ್ಯಾಪನ್ನು ತಿರುಗಿಸುವುದು ಕೈಯೋ ಮೋಟಾರೋ ಎಂಬ ಎರಡು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ.

ವಿಟ್ವರ್ತ್ ಅಳತೆಗೆ ಜಗತ್ತೆಲ್ಲ ಒಪ್ಪಲಿಲ್ಲ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ ಥ್ರೆಡ್ ಸೂಚಿಸಿದ. ಮುಂದೆ ಮೆಟ್ರಿಕ್ ಥ್ರೆಡ್ಡೂ ಅದೇ ಕೋನವನ್ನು ಹಿಡಿಯಿತು. ಭಾರತ 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಗೆ ಹೊರಳಿತು. ಐಎಸ್ 4218 ನಮ್ಮ ಮೆಟ್ರಿಕ್ ಥ್ರೆಡ್ಡುಗಳ ಮಾನಕವಾಯಿತು. ಇದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಬದುಕೂ ಬದಲಾಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು, ಮಾನ್ವಿ ಕಡೆ ಭತ್ತ ಹಬ್ಬಿತು. ಅದರ ಬೆನ್ನಿಗೆ ಅಕ್ಕಿ ಗಿರಣಿ, ಪಂಪು, ಟ್ರ್ಯಾಕ್ಟರುಗಳು ಬಂದವು. ಹತ್ತಿಯ ಕಾಲ ಇಂಚಿನ ಯಂತ್ರಗಳನ್ನು ತಂದರೆ ಭತ್ತದ ಕಾಲ ಮಿಲಿಮೀಟರಿನ ಯಂತ್ರಗಳನ್ನು ಹೆಚ್ಚಿಸುತ್ತ ಹೋಯಿತು. ಹಳೆಯದು ಮೂಲೆಗೆ ಸರಿಯುವ ಮೊದಲೇ ಹೊಸದು ಬಂದದ್ದರಿಂದ ರಿಪೇರಿಯವನ ಮುಂದೆ ಎರಡೂ ಅಳತೆಗಳು ಉಳಿದವು.

ಇಂಚಿನ ಟ್ಯಾಪಿಗೂ ಮೆಟ್ರಿಕ್ ಟ್ಯಾಪಿಗೂ ಕೂದಲೆಳೆಯ ವ್ಯತ್ಯಾಸ, ಬಿಗಿದರೆ ಕೂತೀತು ಎಂಬ ವಾದವಿದೆ. ಲೆಕ್ಕ ಬೇರೆ ಹೇಳುತ್ತದೆ. ಅರ್ಧ ಇಂಚೆಂದರೆ 12.7 ಮಿ.ಮೀ., ಎಂ12 ಬೋಲ್ಟು 12 ಮಿ.ಮೀ.; ಮೊದಲನೆಯದರ ಸುತ್ತಿನ ಅಂತರ ಸುಮಾರು 2.12 ಮಿ.ಮೀ., ಎರಡನೆಯದರದು 1.75. ಇಲ್ಲಿ ತಪ್ಪು ಬೇಗ ಗೊತ್ತಾಗುತ್ತದೆ. ಹೆಚ್ಚು ಅಪಾಯ ಇರುವುದು ಬಹುಪಾಲು ಹೊಂದುವ ಕಡೆ. ಮೂರೆಂಟಂಶ ಇಂಚಿನ ವಿಟ್ವರ್ತ್ ಬೋಲ್ಟಿಗೂ ಅದೇ ಅಳತೆಯ ಅಮೆರಿಕನ್ ಬೋಲ್ಟಿಗೂ ಇಂಚಿಗೆ 16 ಸುತ್ತೇ; ನಟ್ಟು ಹತ್ತಿಬಿಡುತ್ತದೆ. ಆದರೆ ಕೋನ ಬೇರೆಯಾದ್ದರಿಂದ ಥ್ರೆಡ್ಡಿನ ಇಡೀ ಮೈ ಭಾರ ಹೊರುವುದಿಲ್ಲ, ಅದರ ಒಂದು ಅಂಚು ಹೊರುತ್ತದೆ. ಹಗಲಿರುಳು ಅದುರುವ ಗಿರಣಿಯಲ್ಲಿ ಅಂಥ ಬೋಲ್ಟು ಸಡಿಲವಾಗದೆ ಇರದು. ಆದ್ದರಿಂದ ಟ್ಯಾಪಿಗೆ ಕೈ ಹಾಕುವ ಮೊದಲು ಥ್ರೆಡ್ಡಿನ ಅಂತರ, ಕೋನಗಳನ್ನು ತಾಳೆ ನೋಡುವ ಪಿಚ್ ಗೇಜ್ ಇಟ್ಟು ನೋಡುವುದು ಆಯ್ಕೆಯ ಮೊದಲ ಹೆಜ್ಜೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಹಿಂದಿನ ಫಿಟ್ಟರುಗಳು ಸಾಧಾರಣ ಕಾರ್ಬನ್ ಉಕ್ಕಿನ ಟ್ಯಾಪಿನಲ್ಲೇ ಜೀವನವಿಡೀ ಕೆಲಸ ಮಾಡಲಿಲ್ಲವೇ? ಮಾಡಿದರು, ಚೆನ್ನಾಗಿಯೇ ಮಾಡಿದರು. ಮೂರು ಟ್ಯಾಪುಗಳ ಸೆಟ್ಟಿನಲ್ಲಿ ಒಂದಾದ ಮೇಲೊಂದು ಇಳಿಸಿ, ಅಷ್ಟಷ್ಟಕ್ಕೆ ಅರ್ಧ ಸುತ್ತು ಹಿಂದೆ ತಿರುಗಿಸಿ ಚೂರು ಮುರಿದು, ಬಿಗಿ ಹೆಚ್ಚಿದ್ದನ್ನು ಅಂಗೈಯಲ್ಲೇ ಅರಿತು ನಿಲ್ಲಿಸುತ್ತಿದ್ದರು. ಯಂತ್ರಕ್ಕೆ ಆ ಅರಿವಿಲ್ಲ. ಅದು ವೇಗವಾಗಿ ತಿರುಗುತ್ತದೆ, ಬಿಸಿ ಏರುತ್ತದೆ. ಇನ್ನೂರೈವತ್ತು ಡಿಗ್ರಿಯ ಆಸುಪಾಸಿನಲ್ಲೇ ಕಾರ್ಬನ್ ಉಕ್ಕಿನ ಅಂಚು ಮೆತ್ತಗಾಗುತ್ತದೆ. ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ರೂಪಿಸಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಹೈಸ್ಪೀಡ್ ಉಕ್ಕು ಸುಮಾರು ಆರುನೂರು ಡಿಗ್ರಿಯವರೆಗೂ ಹರಿತ ಕಾಯ್ದುಕೊಳ್ಳುವುದರಿಂದಲೇ ಯಂತ್ರದ ಕೆಲಸಕ್ಕೆ ಅನಿವಾರ್ಯವಾಯಿತು. ಚೂರು ಹೊರಹಾಕುವ ಜಾಣತನವನ್ನೂ ಟ್ಯಾಪಿನ ಆಕಾರವೇ ಹೊರಬೇಕಾಯಿತು: ಆಚೆಬದಿಗೂ ತೆರೆದ ತೂತಿಗೆ ಚೂರನ್ನು ಮುಂದಕ್ಕೆ ತಳ್ಳುವ ಸ್ಪೈರಲ್ ಪಾಯಿಂಟು, ತಳವಿರುವ ತೂತಿಗೆ ಮೇಲಕ್ಕೆತ್ತುವ ಸ್ಪೈರಲ್ ಫ್ಲೂಟು, ಪುಡಿಯಾಗಿ ಉದುರುವ ಬೀಡು ಕಬ್ಬಿಣಕ್ಕೆ ನೇರ ಫ್ಲೂಟು. ಗ್ರೈಂಡ್ ಮಾಡಿದ ಥ್ರೆಡ್ಡು, ಸ್ಟೇನ್‌ಲೆಸ್ಸಿನಂಥ ಜಿಗುಟು ಲೋಹಕ್ಕೆ ಕೋಬಾಲ್ಟ್ ಬೆರೆತ ಉಕ್ಕು, ಇವಕ್ಕೆ ಕೊಡುವ ಹೆಚ್ಚಿನ ಹಣ ಹಳೆಯ ಫಿಟ್ಟರಿನ ಅಂಗೈಯ ಅರಿವಿಗೆ ಬದಲಾಗಿ ಕೊಡುವ ಹಣ.

ಇಷ್ಟೆಲ್ಲ ಮಾಡಿಯೂ ಟ್ಯಾಪು ಮುರಿದರೆ ಹಲವು ಸಲ ತಪ್ಪು ಡ್ರಿಲ್ಲಿನದು. ಎಂ10ರ ಸಾಮಾನ್ಯ ಥ್ರೆಡ್ಡಿಗೆ 8.5 ಮಿ.ಮೀ. ತೂತು ಬೇಕು. ಗಟ್ಟಿಯಾಗಲೆಂದು 8 ಮಿ.ಮೀ. ಕೊರೆದರೆ ಟ್ಯಾಪು ಅನಗತ್ಯ ಲೋಹ ಕಡಿಯುತ್ತ ಸಿಕ್ಕಿಬೀಳುತ್ತದೆ. ಸಿಗುವ ಬಲವೋ ಅತ್ಯಲ್ಪ. ಬಿಟ್ಟಿನ ಎರಡು ಅಂಚುಗಳನ್ನು ಸಮನಾಗಿ ಸಾಣೆ ಹಿಡಿಯದಿದ್ದರೆ ತೂತು ಹಿಗ್ಗಿ ಥ್ರೆಡ್ಡು ತೆಳುವಾಗುತ್ತದೆ. ಹಾಗಾಗಿ ದುಬಾರಿ ಟ್ಯಾಪಿಗೆ ಅಗ್ಗದ ಬಿಟ್ಟನ್ನು ಜೋಡಿಸುವುದು ಉಳಿತಾಯವಲ್ಲ. ಸಣ್ಣ ವರ್ಕ್‌ಶಾಪಿಗೆ ಎಲ್ಲ ಬಗೆಯ ಟ್ಯಾಪು ಕೊಳ್ಳುವ ಶಕ್ತಿ ಎಲ್ಲಿದೆ ಎಂದು ಕೇಳುವುದು ನ್ಯಾಯವೇ. ಎಲ್ಲವೂ ಬೇಕಿಲ್ಲ. ಕೈಯಿಂದ ಮಾಡುವ ಮೆದು ಕಬ್ಬಿಣದ ಬಿಡಿ ಕೆಲಸಕ್ಕೆ ಅಗ್ಗದ ಸೆಟ್ಟು ಸಾಕು. ಯಂತ್ರಕ್ಕೆ ಹಾಕುವ ನಾಲ್ಕೈದು ಅಳತೆಗಳಲ್ಲಿ ಮಾತ್ರ ಒಳ್ಳೆಯ ಹೈಸ್ಪೀಡ್ ಟ್ಯಾಪು, ಅದಕ್ಕೆ ಸರಿಯಾದ ಬಿಟ್ಟು ಜೋಡಿಯಾಗಿರಲಿ. ಇಂಚಿನವು, ಮೆಟ್ರಿಕ್ಕಿನವು ಬೇರೆ ಬೇರೆ ಡಬ್ಬಿಯಲ್ಲಿರಲಿ. ಗಿರಣಿಯ ಎರಕದ ಭಾಗದೊಳಗೆ ಮುರಿದು ಕೂತ ಒಂದು ಟ್ಯಾಪು ಆ ಭಾಗವನ್ನೇ ಕೆಡಿಸಿ, ಸುಗ್ಗಿಯ ದಿನಗಳಲ್ಲಿ ಗಿರಣಿಯನ್ನೇ ನಿಲ್ಲಿಸಬಹುದು. ಆ ನಷ್ಟದ ಮುಂದೆ ಒಳ್ಳೆಯ ಟ್ಯಾಪಿನ ಬೆಲೆ ಹಗುರವೇ.