ಗಣಿ ಮುಚ್ಚಿದ ಮೇಲೆ ನೆಲದ ಗತಿ: ಕೆಜಿಎಫ್ ಕಲಿಸುವ ಪಾಠ

ಅದಿರು ತೀರಿದರೆ ಅಥವಾ ನಷ್ಟ ಮಿತಿಮೀರಿದರೆ ಗಣಿಯ ಕೆಲಸ ನಿಲ್ಲುತ್ತದೆ. ಆದರೆ ಅಗೆದ ನೆಲ ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಸುರಂಗ, ಅದರಲ್ಲಿ ತುಂಬಿದ ನೀರು ಹಾಗೂ ತ್ಯಾಜ್ಯದ ರಾಶಿಗಳಿಂದಾಗುವ ಅಪಾಯವನ್ನು ನಿವಾರಿಸಿ, ಭೂಮಿಯನ್ನು ಮತ್ತೆ ಬಳಕೆಗೆ ತರುವ ಕಾರ್ಯವೇ ಗಣಿ ಪ್ರದೇಶದ ಪುನಶ್ಚೇತನ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಸ್ಥಗಿತಗೊಂಡ ಭೂಗತ ಗಣಿಗೆ ರಾಜ್ಯದ ಬಹುದೊಡ್ಡ ನಿದರ್ಶನವೆಂದರೆ ಕೋಲಾರ ಜಿಲ್ಲೆಯ ಕೆಜಿಎಫ್.

ಹಿನ್ನೆಲೆ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ನಂತರ ಇಲ್ಲಿ ಆಧುನಿಕ ಗಣಿಗಾರಿಕೆ ಬೇರೂರಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ. ಮೀರಿತ್ತು. ಒಟ್ಟು 800 ಟನ್‌ಗೂ ಅಧಿಕ ಚಿನ್ನ ನೀಡಿದ ಗಣಿಗಳಿಗೆ 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಪಂಪುಗಳು ನಿಂತ ಬಳಿಕ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಸೈನೈಡ್ ದಿಬ್ಬಗಳು

ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು. ಇಂತಹ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆಯೆಂಬ ಅಂದಾಜಿದೆ. ಬಿಸಿಲು, ಗಾಳಿಗೆ ಸೈನೈಡ್ ಕ್ರಮೇಣ ವಿಘಟನೆಗೊಳ್ಳುತ್ತದೆ. ಆದರೆ ಸಿಲಿಕಾ ಬೆರೆತ ದೂಳು ಉಳಿಯುತ್ತದೆ. ಗಾಳಿ ಬೀಸಿದಾಗ ಅದು ಕಾರ್ಮಿಕರ ಕಾಲೋನಿಗಳಿಗೆ ನುಗ್ಗುತ್ತದೆ ಎಂಬುದು ನಿವಾಸಿಗಳ ಬಹುಕಾಲದ ಅಳಲು.

ಆಗಬೇಕಾದ ಕಾರ್ಯ

ಪುನಶ್ಚೇತನದ ಮೊದಲ ಹೆಜ್ಜೆ ಸುರಂಗಗಳ ಬಾಯಿಯನ್ನು ಕಾಂಕ್ರೀಟ್‌ನಿಂದ ಭದ್ರವಾಗಿ ಮುಚ್ಚುವುದು. ಕಟ್ಟಡ ಕಟ್ಟುವ ಮುನ್ನ ನೆಲದಡಿಯ ಟೊಳ್ಳುಗಳನ್ನು ಗುರುತಿಸಬೇಕು. ದಿಬ್ಬಗಳ ಇಳಿಜಾರು ತಗ್ಗಿಸಿ, ಮೇಲೆ ಮಣ್ಣು ಹರಡಿ ಹುಲ್ಲು, ಗಿಡ ಬೆಳೆಸಬೇಕು. ಅಂತರ್ಜಲವನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು.

ಕಾನೂನು ಬಂದದ್ದು ತಡವಾಗಿ

ಇತರ ಖನಿಜಗಳ ಗಣಿಗೆ ಮುಚ್ಚುವಿಕೆ ಯೋಜನೆ ಕಡ್ಡಾಯವಾದದ್ದು 2003ರ ನಿಯಮ ತಿದ್ದುಪಡಿಯಿಂದ. ಕಲ್ಲಿದ್ದಲು ಗಣಿಗಳಿಗೆ ಕೇಂದ್ರ ಸಚಿವಾಲಯ 2009ರಲ್ಲಿ ಮಾರ್ಗಸೂಚಿ ಹೊರಡಿಸಿ, ಅದರ ವೆಚ್ಚವನ್ನು ಪ್ರತ್ಯೇಕ ಖಾತೆಯಲ್ಲಿ ಮುಂಚಿತವಾಗಿ ಇರಿಸಬೇಕೆಂದಿತು. ಇವೆರಡಕ್ಕೂ ಮೊದಲೇ ಕೆಜಿಎಫ್ ಮುಚ್ಚಿತ್ತು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ತ್ಯಾಜ್ಯದಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಆದರೆ ಪ್ರತಿ ಟನ್ನಿನಲ್ಲಿ ಚಿನ್ನದ ಪಾಲು ಗ್ರಾಂ ಲೆಕ್ಕದ್ದು. ಅದನ್ನು ತೆಗೆದ ಮೇಲೂ ಹೆಚ್ಚುಕಡಿಮೆ ಅಷ್ಟೇ ಪುಡಿ ಉಳಿಯುತ್ತದೆ. ಆ ಪುಡಿಯನ್ನು ಎಲ್ಲಿ, ಹೇಗೆ ಇಡಬೇಕೆಂಬುದು ಮೊದಲೇ ನಿರ್ಧಾರವಾಗದಿದ್ದರೆ ದಿಬ್ಬ ಜಾಗ ಬದಲಿಸೀತೇ ಹೊರತು ದೂಳು ಅಡಗದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿರುವಾಗ, ಈ ಪಾಠ ಕೋಲಾರಕ್ಕೆ ಮಾತ್ರ ಸೀಮಿತವಲ್ಲ.