ರಾಮನಗರದ ಮಣಿಸರ

ಭೋಸರಿಯಲ್ಲಿ ಕುಳಿತು ತವರಿನ ಚರಿತ್ರೆ ಓದುವ ನಮ್ಮನ್ನು 1952ರ ಒಂದು ಪ್ರಯೋಗ ಕಾಡುತ್ತದೆ. ಅಂದಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ. ಸಂತಾನ ನಿಯಂತ್ರಣಕ್ಕೆ ಸಂಯಮವೊಂದೇ ಅವರಿಗೆ ಸಮ್ಮತ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮೈಸೂರು ರಾಜ್ಯದ ರಾಮನಗರದಲ್ಲೂ ದೆಹಲಿಯ ಲೋದಿ ಕಾಲೊನಿಯಲ್ಲೂ (ನಮ್ಮಂಥ ಕೇಂದ್ರ ನೌಕರರ ಬಡಾವಣೆ!) ‘ಸುರಕ್ಷಿತ ದಿನ’ಗಳ ಲೆಕ್ಕ ಕಲಿಸಲಾಯಿತು.

ಹೆಂಗಸರಿಗೆ ಮಣಿಸರ ಕೊಟ್ಟರು: ದಿನಕ್ಕೊಂದು ಮಣಿ, ಹಸಿರಾದರೆ ನಿಶ್ಚಿಂತೆ, ಕೆಂಪಾದರೆ ದೂರ. ಆದರೆ ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮಣಿಯೋ ಹಿಂದಿನ ಮುಟ್ಟಿನಿಂದ ಎಣಿಸುತ್ತದೆ. ಋತುಚಕ್ರ ಏರುಪೇರಾದರೆ ಲೆಕ್ಕ ತಪ್ಪಿತು. ಮೇಲಾಗಿ ಅಂಡದ ಆಯುಷ್ಯ ಒಂದೇ ದಿನವಾದರೂ ವೀರ್ಯಾಣು ಐದು ದಿನ ಬದುಕಬಲ್ಲದು. ಗಂಡ ಒಪ್ಪದಿದ್ದರಂತೂ ಕೆಂಪು ಮಣಿಗೆ ಬೆಲೆಯೇ ಇಲ್ಲ.

ಇದೇ ಮೈಸೂರು ಸರಕಾರ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತೆಂಬುದು ನೆನಪಾದಾಗ ನಮಗೆ ತುಸು ಸಿಟ್ಟೂ ಬರುತ್ತದೆ.